ಎರೆಹುಳವೋ, ಲೂರೋ? ಅಳಿಯನಿಗೊಂದು ಕಿವಿಮಾತು

ಅಳಿಯ, ಕೋಲು ಬಂತು, ರೀಲು ಬಂತು, ಇನ್ನು ಗಾಳಕ್ಕೆ ಎರೆಹುಳ ಸಿಕ್ಕಿಸುವುದೋ, ಡಬ್ಬಿ ತುಂಬ ಲೂರ್, ಅಂದರೆ ಕೃತಕ ಎರೆ, ತರಿಸಿಕೊಳ್ಳುವುದೋ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಯಾವ ಮೀನು, ಯಾವ ನೀರು ಅಂತ ನೀನು ಹೇಳಲೇ ಇಲ್ಲ. ಬರುವ ನೆಂಟರು ಯಾರು ಅಂತ ತಿಳಿಸದೆ ಅಡುಗೆ ಏನು ಮಾಡಲಿ ಅಂತ ನಿಮ್ಮತ್ತೆಯನ್ನು ಕೇಳಿದರೆ ಅವಳು ಏನು ಹೇಳುತ್ತಾಳೋ, ನಾನು ಹೇಳುವುದೂ ಅದೇ.

ಗಾಳ ಹಾಕುವವನ ಲೆಕ್ಕದಲ್ಲಿ ನಮ್ಮ ಸಿಹಿನೀರಿನ ಮೀನುಗಳಲ್ಲಿ ಎರಡು ಬಗೆ. ಕೆಲವು ಅಟ್ಟಿಸಿಕೊಂಡು ಹೋಗಿ ತಿನ್ನುತ್ತವೆ, ಕೆಲವು ತಡಕಿಕೊಂಡು ತಿನ್ನುತ್ತವೆ. ಕೊರವ, ಅಂದರೆ ನಿಮ್ಮ ಬೆಂಗಳೂರಿನ ಹುಡುಗರು ಸ್ನೇಕ್‌ಹೆಡ್ ಅನ್ನುವುದು, ಮತ್ತೆ ನಮ್ಮ ಬಾಳೆ ಮೀನು, ಇವೆರಡೂ ಬೇಟೆಗಾರ ಜಾತಿ. ಓಡುವುದನ್ನು, ಒದ್ದಾಡುವುದನ್ನು ಕಂಡರೆ ಬಿಡುವುದಿಲ್ಲ. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಎಲ್ಲ ಇನ್ನೊಂದು ಬಗೆಯವು. ಕಾಟ್ಲಾದ ಬಾಯಿ ಮೇಲ್ಮುಖ. ಮೇಲ್ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿಕೊಂಡು ತಿನ್ನುತ್ತದೆ. ರೋಹು ನಡುನೀರಿನಲ್ಲಿ, ಮೃಗಾಲ್ ತಳದ ಕೆಸರಿನಲ್ಲಿ. ಅವುಗಳ ಮುಂದೆ ಥಳಥಳ ಹೊಳೆಯುವ ತಗಡಿನ ಮೀನು ಹಾದುಹೋದರೆ ಅವು ದಾರಿ ಬಿಟ್ಟುಕೊಡುತ್ತವೆಯೇ ಹೊರತು ಬಾಯಿ ಹಾಕುವುದು ಅಪರೂಪ. ಬಯಲುಸೀಮೆಯ ಕೆರೆಗಳಿಗೆ ಹೆಚ್ಚಾಗಿ ಬಿಡುವ ಮರಿಗಳು ಇವೇ ಜಾತಿಯವು. ಅಂಥ ಕೆರೆ ದಂಡೆಯ ಮೇಲೆ ಇಡೀ ಬೆಳಗ್ಗೆ ಲೂರ್ ಎಸೆದೆಸೆದು ತೋಳು ನೋಯಿಸಿಕೊಂಡು, ಕೆರೆಯಲ್ಲಿ ಮೀನೇ ಇಲ್ಲ ಅಂತ ಬೈದುಕೊಂಡು ಹೋಗುವ ಹುಡುಗರನ್ನು ನೋಡಿದ್ದೇನೆ. ಪಕ್ಕದಲ್ಲೇ ಮುದುಕನೊಬ್ಬ ಹಿಟ್ಟಿನ ಉಂಡೆ ಹಾಕಿ ಗೆಂಡೆ ಎಳೆಯುತ್ತಿರುತ್ತಾನೆ.

ನನ್ನ ಮಾತು ಕೇಳುವುದಾದರೆ ಮೊದಲ ಮಳೆಗಾಲದಿಂದ ಮುಂದಿನ ಮಳೆಗಾಲದವರೆಗೆ ಎರೆಹುಳ ಮತ್ತು ಹಿಟ್ಟು, ಇವೆರಡರಲ್ಲೇ ಕಳೆ. ಹಳೇ ಕಾಲದವನು, ಹಳೇದನ್ನೇ ಹೊಗಳುತ್ತಾನೆ ಅಂದುಕೊಳ್ಳಬೇಡ. ಲೂರ್ ನನ್ನ ಚೀಲದಲ್ಲೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಲೂರ್‌ಗೆ ಜೀವ ಕೊಡಬೇಕಾದವನು ನೀನು. ನೀರೊಳಗೆ ಏನು ನಡೆಯುತ್ತದೆ ಅಂತ ಗೊತ್ತಿಲ್ಲದವನು ಅದಕ್ಕೆ ಏನು ಜೀವ ಕೊಟ್ಟಾನು? ಹುಳ ತನ್ನ ಪಾಡಿಗೆ ತಾನು ಹೊರಳುತ್ತಿರುತ್ತದೆ, ನೀನು ಸುಮ್ಮನೆ ಕೂತು ಬೆಂಡು ನೋಡುತ್ತ ಮೀನಿನ ಬುದ್ಧಿ ಕಲಿಯಬಹುದು.

ಹುಳ ಎಲ್ಲಿ ಸಿಗುತ್ತದೆ ಅಂತಲೂ ಹೇಳಿಬಿಡುತ್ತೇನೆ. ಅಡಿಕೆ ತೋಟದಲ್ಲಿ ಅಗೆದು ಸುಮ್ಮನೆ ಬೆವರಬೇಡ, ಬೋರ್ಡೋ ಹೊಡೆದೂ ಹೊಡೆದೂ ಮೈಲುತುತ್ತು ಕುಡಿದ ಮಣ್ಣಿನಲ್ಲಿ ಹುಳಕ್ಕೆ ಸುಖವಿಲ್ಲ. ಕೊಟ್ಟಿಗೆ ಹಿಂದೆ ಗೊಬ್ಬರದ ಗುಂಡಿಯ ಅಂಚು, ಬಚ್ಚಲು ನೀರು ಹರಿಯುವ ಬಾಳೆ ಬುಡ, ಇವು ಸರಿಯಾದ ಜಾಗ. ತೆಗೆದ ಹುಳವನ್ನು ಅದೇ ಮಣ್ಣಿನ ಜೊತೆ ತೆಂಗಿನ ಚಿಪ್ಪಿನಲ್ಲೋ ಬಾಳೆ ದಿಂಡಿನ ಪಟ್ಟೆಯಲ್ಲೋ ಇಡು, ಮೇಲೆ ಹಸಿ ಎಲೆ ಮುಚ್ಚು. ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಬಿಸಿಲಲ್ಲಿ ಇಟ್ಟರೆ ಗಳಿಗೆಯಲ್ಲಿ ಬೆಂದು ನಾರುತ್ತದೆ.

ಗಾಳಕ್ಕೆ ಪೋಣಿಸುವುದರಲ್ಲಿ ಹೊಸಬರೆಲ್ಲ ಅವಸರ ಮಾಡುತ್ತಾರೆ. ಹುಳವನ್ನು ಗಂಟು ಗಂಟಾಗಿ ಚುಚ್ಚಿ ಉಂಡೆ ಮಾಡಿದರೆ ಪಕ್ಕೆ ಮೀನುಗಳು ಸುತ್ತಲಿಂದ ಕಿತ್ತು ಕಿತ್ತು ತಿಂದು ಬರೀ ಗಾಳ ವಾಪಸು ಕಳಿಸುತ್ತವೆ. ಒಂದು ತುದಿಯಿಂದ ಕಾಲುಚೀಲ ಏರಿಸಿದಂತೆ ಗಾಳದ ಮೇಲೆ ಮೆಲ್ಲಗೆ ಏರಿಸಬೇಕು. ಗಾಳದ ಬಾಗು ದಾಟಿ ದಾರದ ಗಂಟಿನವರೆಗೆ ಹೋಗಲಿ, ಕೊನೆಗೆ ಒಂದು ಬೆರಳಗಲ ಬಾಲ ಹೊರಗೆ ಜೋಲಾಡಲಿ. ಆ ಬಾಲವೇ ಮೀನನ್ನು ಕರೆಯುವುದು. ಗಾಳ 8 ಅಥವಾ 10ನೇ ನಂಬರಿನದು ಸಾಕು. ನಂಬರ್ ಏರಿದಷ್ಟೂ ಗಾಳ ಸಣ್ಣದಾಗುತ್ತದೆ, ಅಂಗಡಿಯಲ್ಲಿ ತಿರುಗಾಮುರುಗಾ ಕೇಳಬೇಡ. ಬೆಂಡಿನ ತಲೆ ಮಾತ್ರ ನೀರಿನ ಮೇಲೆ ಕಾಣುವ ಹಾಗೆ ಸೀಸದ ಗುಂಡು ಕಟ್ಟು. ಬೆಂಡು ಪೂರ್ತಿ ತೇಲುತ್ತಿದ್ದರೆ ಮೀನಿಗೆ ಅದನ್ನು ಎಳೆಯುವುದು ಭಾರ, ಅನುಮಾನ ಬಂದು ಉಗುಳಿಬಿಡುತ್ತದೆ.

ಇನ್ನು ಬೆಂಡನ್ನು ನೋಡುವುದು. ಟಕಟಕ ಕುಣಿದು ಸುಮ್ಮನಾದರೆ ಪಕ್ಕೆಯೋ ಜಿಲೇಬಿ ಮೀನಿನ ಮರಿಯೋ ಕುಟುಕುತ್ತಿದೆ, ಎಳೆಯಬೇಡ. ನಿಂತಿದ್ದ ಬೆಂಡು ಇದ್ದಕ್ಕಿದ್ದಂತೆ ಮೇಲೆದ್ದು ಅಡ್ಡ ಮಲಗಿದರೆ ತಳದಲ್ಲಿದ್ದ ಗೆಂಡೆ ಎರೆಯನ್ನು ಬಾಯಿಗೆ ಹಾಕಿಕೊಂಡು ತಲೆ ಎತ್ತಿದೆ ಅಂತ ಅರ್ಥ, ಆಗ ಎಳೆ. ಮೆಲ್ಲಗೆ, ಗಡಿಬಿಡಿಯಿಲ್ಲದೆ ಓರೆಯಾಗಿ ಸರಿದು ಮುಳುಗುತ್ತಾ ಹೋದರೆ ಮೀಸೆ ಮೀನು. ಮುಳುಗಿದ್ದು ಅಲ್ಲೇ ನಿಂತು, ಎಳೆದರೆ ಕಲ್ಲು ಹಿಡಿದ ಹಾಗೆ ಅನ್ನಿಸಿ, ಆಮೇಲೆ ಸಡಿಲವಾದರೆ ಏಡಿ. ಹುಳವೂ ಹೋಯಿತು, ಕೆಲವು ಸಲ ದಾರವೂ. ಹಾವುಮೀನು ಹಿಡಿದರೆ ಬಂಡೆಯ ಸಂದಿಗೆ ಎಳೆದುಕೊಂಡು ಹೋಗಿ ಬಾಲ ಸುತ್ತಿ ಕೂತುಬಿಡುತ್ತದೆ, ಅಲ್ಲಿಗೆ ನಿನ್ನ ಹೊಸ ರೀಲಿನ ಪ್ರತಾಪ ಮುಗಿಯಿತು. ಈ ಓದನ್ನು ಯಾವ ಲೂರೂ ಕಲಿಸುವುದಿಲ್ಲ. ವಾಟೆ ಕೋಲಿನಲ್ಲಾದರೂ ಸರಿ, ಮೂರು ಸಾವಿರದ ಕೋಲಿನಲ್ಲಾದರೂ ಸರಿ, ಬೆಂಡು ಒಂದೇ ಭಾಷೆ ಮಾತಾಡುತ್ತದೆ.

ಹಿಟ್ಟಿನ ವಿದ್ಯೆಯಲ್ಲಿ ನಮ್ಮ ರಾಜ್ಯದವರು ಯಾರಿಗೂ ಕಡಿಮೆಯಿಲ್ಲ. ಮೈದಾ, ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಕಲಸಿದ ಉಂಡೆಗೆ ಕೆರೆಯ ಗೆಂಡೆ ಜಾತಿಯೆಲ್ಲ ಬರುತ್ತವೆ. ಮೊದಲು ಸ್ವಲ್ಪ ತೌಡು, ಹಿಂಡಿ ನೀರಿಗೆ ಚೆಲ್ಲಿ ಮೀನು ಕೂಡಲು ಬಿಟ್ಟು ಆಮೇಲೆ ಗಾಳ ಹಾಕಬೇಕು. ಕಾವೇರಿ ಕಣಿವೆಯಲ್ಲಿ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕಳಿಗಳಲ್ಲಿ ಮಹಶೀರ್ ಮೀನಿಗೆ ಗಾಳ ಹಾಕುವ ಶಿಬಿರಗಳು ನಡೆಯುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನಿಂದ ದುಬಾರಿ ಸ್ಪೂನು, ಪ್ಲಗ್ಗು ಎಂಬ ಲೂರುಗಳನ್ನು ಹೊತ್ತು ತಂದ ದೊರೆಗಳು ಕೊನೆಗೆ ಸ್ಥಳೀಯ ಗೈಡುಗಳು ಬೇಯಿಸಿ ನಾದಿದ ರಾಗಿ ಉಂಡೆಯನ್ನೇ ಗಾಳಕ್ಕೆ ಸಿಕ್ಕಿಸಿಕೊಂಡು ಬಂಡೆಯ ಮೇಲೆ ಕೂರುತ್ತಿದ್ದರು. ಆ ಉಂಡೆ ನಾವು ಉಣ್ಣುವ ಮುದ್ದೆಯಷ್ಟು ಮೆತ್ತಗಿರುವುದಿಲ್ಲ. ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿ, ಗಟ್ಟಿಯಾಗುವವರೆಗೆ ಕುದಿಸಿ, ಘಮಕ್ಕೆ ಸೋಂಪನ್ನೋ ಮಸಾಲೆಯನ್ನೋ ಸೇರಿಸಿರುತ್ತಾರೆ. ಗಟ್ಟಿ ಯಾಕೆಂದರೆ ಸಣ್ಣ ಮೀನುಗಳು ಕಿತ್ತು ತಿನ್ನಬಾರದು. ಮಹಶೀರ್‌ನ ಗಂಟಲಲ್ಲಿರುವ ಹಲ್ಲು ಏಡಿಯನ್ನೂ ಗುಳ್ಳೆಯನ್ನೂ ಪುಡಿ ಮಾಡುವಂಥದ್ದು, ಅದಕ್ಕೆ ಈ ಉಂಡೆ ಯಾವ ಲೆಕ್ಕ. ಅದು ಸರ್ವಭಕ್ಷಕ: ದಡದ ಅತ್ತಿ ಮರದಿಂದ ಬಿದ್ದ ಹಣ್ಣನ್ನೂ ತಿನ್ನುತ್ತದೆ, ಸಣ್ಣ ಮೀನನ್ನೂ ಅಟ್ಟುತ್ತದೆ. ಹುಳವೋ ಲೂರೋ ಎನ್ನುವ ನಿನ್ನ ಜಗಳ ಆ ಮೀನಿನ ಮುಂದೆ ನಡೆಯುವುದಿಲ್ಲ, ಎರಡಕ್ಕೂ ಬರುತ್ತದೆ.

ಈ ಜಗಳ ಹೊಸದೂ ಅಲ್ಲ. ಎಚ್. ಎಸ್. ಥಾಮಸ್ ಎಂಬ ಮದ್ರಾಸ್ ಸಿವಿಲ್ ಸರ್ವಿಸಿನ ಅಧಿಕಾರಿ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾಯಿತು. ಅದರಲ್ಲಿ ಮಹಶೀರ್‌ಗೆ ಏನು ಹಾಕಬೇಕು ಎನ್ನುವುದಕ್ಕೆ ಪುಟಗಟ್ಟಲೆ ಮಾತಿದೆ. 1946ರ ಮಾರ್ಚ್‌ನಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋದ ಡುಬ್ಬದ ಮಹಶೀರ್ ಎಳೆದದ್ದು ಇವತ್ತಿಗೂ ದಾಖಲೆಯ ಮಾತು. ಈಗ ಆ ಡುಬ್ಬದ ಮಹಶೀರ್ ಎಲ್ಲಿದೆ? 2018ರಲ್ಲಿ ವಿಜ್ಞಾನಿಗಳು ಅದನ್ನು ಟಾರ್ ರೆಮಾದೇವಿ ಎಂದು ಗುರುತಿಸುವ ಹೊತ್ತಿಗೆ ಅದು ಅಳಿವಿನ ಅಂಚು ತಲುಪಿತ್ತು. ಅದೇ ವರ್ಷ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಅಣೆಕಟ್ಟು, ಮರಳು ಎತ್ತುವುದು, ತೋಟೆ ಸಿಡಿಸುವುದು, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಎಲ್ಲ ಸೇರಿ ಅದನ್ನು ಮೂಲೆಗೆ ತಳ್ಳಿವೆ. ಹಾಗಾಗಿ ಅಳಿಯ, ಮಹಶೀರ್ ಹಿಡಿಯುವ ಆಸೆ ಸದ್ಯಕ್ಕೆ ಮಡಿಚಿಡು. ಹಿಡಿದು ಬಿಡುತ್ತೇನೆ ಅಂದರೂ, ಎಲ್ಲಿ ಅದಕ್ಕೆ ಅನುಮತಿ ಇದೆ ಅಂತ ಬರಹದಲ್ಲಿ ಕೇಳಿ ತಿಳಿದುಕೊಂಡೇ ಹೋಗು.

ಈಗ ಲೂರ್. ಫಿನ್‌ಲ್ಯಾಂಡಿನ ಲೌರಿ ರಾಪಾಲಾ ಎಂಬ ಬಡ ಬೆಸ್ತ ಸರೋವರದಲ್ಲಿ ದೋಣಿ ಹುಟ್ಟು ಹಾಕುತ್ತ ಒಂದು ವಿಷಯ ಗಮನಿಸಿದ: ದೊಡ್ಡ ಮೀನು ಸಣ್ಣ ಮೀನುಗಳ ಹಿಂಡಿಗೆ ನುಗ್ಗಿದಾಗ ಚುರುಕಾಗಿ ಈಜುವವನ್ನು ಬಿಟ್ಟು, ಗಾಯಗೊಂಡು ಓಲಾಡುತ್ತಿರುವುದನ್ನೇ ಹಿಡಿಯುತ್ತಿತ್ತು. 1936ರಲ್ಲಿ ಅವನು ಬೆಂಡಿನ ಮರ ಕೆತ್ತಿ, ಚಾಕಲೇಟಿನ ಬೆಳ್ಳಿ ಕಾಗದ ಸುತ್ತಿ, ಫೋಟೋ ನೆಗೆಟಿವ್ ಕರಗಿಸಿ ಮೆರುಗು ಬಳಿದು, ಓಲಾಡುತ್ತ ಈಜುವ ಮೀನೊಂದನ್ನು ಮಾಡಿದ. ಇವತ್ತು ನಿನ್ನ ಮೊಬೈಲಿನಲ್ಲಿ ಕಾಣುವ ರಾಪಾಲಾ ಹೆಸರು ಅವನದೇ. ಅವನ ಕತೆಯಿಂದ ನೀನು ತೆಗೆದುಕೊಳ್ಳಬೇಕಾದ್ದು ಇಷ್ಟು: ಲೂರ್ ಚೆನ್ನಾಗಿ ಕಾಣಬೇಕಿಲ್ಲ, ನೀರಿನಲ್ಲಿ ಕಾಯಿಲೆ ಬಿದ್ದಂತೆ ನಡೆಯಬೇಕು. ಒಂದೇ ವೇಗದಲ್ಲಿ ರೀಲು ಸುತ್ತುವವನ ಲೂರ್ ಆರೋಗ್ಯವಂತ ಮೀನು. ಎರಡು ಸುತ್ತು ಸುತ್ತು, ನಿಲ್ಲಿಸು, ಅರೆಗಳಿಗೆ ಮುಳುಗಲು ಬಿಡು, ಕೋಲಿನ ತುದಿಯಿಂದ ಒಮ್ಮೆ ತಿವಿ, ಮತ್ತೆ ಸುತ್ತು. ಹೊಡೆತ ಬೀಳುವುದು ಬಹುತೇಕ ಆ ನಿಲ್ಲಿಸಿದ ಕ್ಷಣದಲ್ಲೇ.

ಮೀನಿನ ಮೈಯ ಎರಡೂ ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಒಂದು ಗೆರೆ ಇರುತ್ತದಲ್ಲ, ಪಾರ್ಶ್ವರೇಖೆ ಅಂತ ಶಾಲೆಯಲ್ಲಿ ಓದಿರುತ್ತೀಯ. ನೀರಿನ ಅದುರನ್ನು ಮೀನು ಅದರಿಂದ ಗ್ರಹಿಸುತ್ತದೆ. ತಿರುಗುವ ತಗಡಿರುವ ಸ್ಪಿನ್ನರ್ ಅದಕ್ಕೇ ಸ್ವಲ್ಪ ಮಬ್ಬು ನೀರಿನಲ್ಲೂ ಕೆಲಸ ಮಾಡುತ್ತದೆ. ಕಣ್ಣಿಗೆ ಕಾಣದಿದ್ದರೂ ಅದುರು ತಲುಪುತ್ತದೆ. ಚಮಚದಾಕಾರದ ಸ್ಪೂನ್ ತಿಳಿನೀರಿನಲ್ಲಿ, ಬಿಸಿಲು ಇದ್ದಾಗ ಒಳ್ಳೆಯದು, ಹೊಳೆಯ ಸೆಳವಿನಲ್ಲಿ ತಾನೇ ಹೊರಳುತ್ತದೆ. ಮರದ, ಪ್ಲಾಸ್ಟಿಕ್ಕಿನ ಮೀನುಗಳಲ್ಲಿ ಮೂತಿಯ ಕೆಳಗೆ ನಾಲಗೆಯಂಥದ್ದು ಇರುತ್ತದೆ. ಅದು ಉದ್ದ ಇದ್ದಷ್ಟೂ ಆಳಕ್ಕೆ ಹೋಗುತ್ತದೆ. ನಮ್ಮ ಕಲ್ಲುಹೊಳೆಗೆ ಆಳಕ್ಕೆ ಹೋಗುವುದು ಬೇಡ, ಮೊದಲ ಎಸೆತದಲ್ಲೇ ಬಂಡೆಗೆ ಕಚ್ಚಿ ಅಲ್ಲೇ ಉಳಿಯುತ್ತದೆ.

ಇವೆಲ್ಲಕ್ಕಿಂತ ನಮ್ಮ ಕಡೆಗೆ ಹೇಳಿ ಮಾಡಿಸಿದ್ದು ಪ್ಲಾಸ್ಟಿಕ್ ಕಪ್ಪೆ. ಕೊರವ ಇರುವುದು ತಾವರೆ, ಆಪು, ಅಂತರಗಂಗೆ ಬೆಳೆದ ಕೆರೆಯಂಚಿನಲ್ಲಿ. ಅದಕ್ಕೆ ಗಾಳಿ ಉಸಿರಾಡುವ ಅಂಗ ಇರುವುದರಿಂದ ಆಗಾಗ ಮೇಲೆ ಬಂದು ಗುಳುಕ್ ಅಂತ ಗಾಳಿ ನುಂಗಿ ಹೋಗುತ್ತದೆ. ದಡದಲ್ಲಿ ಸದ್ದಿಲ್ಲದೆ ಕೂತು ಆ ಗುಳುಕು ಎಲ್ಲಿ ಅಂತ ನೋಡಿಕೊ. ಕಳೆಯಲ್ಲಿ ಸ್ಪೂನ್ ಎಸೆದರೆ ಒಂದು ಮಂಕರಿ ಸೊಪ್ಪು ಎಳೆದು ತರುತ್ತೀಯ. ಈ ಕಪ್ಪೆಯ ಗಾಳಗಳು ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿ ಇರುವುದರಿಂದ ಎಲೆಗಳ ಮೇಲೆ ಜಾರಿಕೊಂಡು ಬರುತ್ತದೆ. ಗುಳುಕು ಕಂಡ ಜಾಗಕ್ಕೆ ನೇರವಾಗಿ ಎಸೆಯಬೇಡ, ಎರಡು ಮಾರು ಆಚೆಗೆ ಎಸೆ. ಎಲೆಯಿಂದ ಎಲೆಗೆ ಜಿಗಿಸುತ್ತ ತಾ. ಎಲೆಯ ಅಂಚಿನಿಂದ ತೆರೆದ ನೀರಿಗೆ ಪೊಳಕ್ ಅಂತ ಬಿದ್ದಾಗ ಕೈ ನಿಲ್ಲಿಸು.

ನೀರು ಒಡೆದು, ಹೊಡೆತ ಬಿದ್ದ ಸದ್ದಿಗೆ ಎದೆ ಧಸಕ್ಕೆನ್ನುತ್ತದೆ, ಕೈ ತಾನಾಗಿ ಕೋಲನ್ನು ಎತ್ತಿಬಿಡುತ್ತದೆ. ಅಲ್ಲೇ ಮೀನು ಹೋಗುವುದು. ಕೊರವ ಮೊದಲು ಕಪ್ಪೆಯನ್ನು ಕಚ್ಚಿ ಹಿಡಿಯುತ್ತದೆ, ಆಮೇಲೆ ತಿರುಗಿ ಕೆಳಕ್ಕೆ ಒಯ್ಯುತ್ತದೆ. ದಾರ ಸರಿಯುವುದು ಕಾಣುವ ತನಕ ತಡೆದುಕೊ. ಸರಿಯಿತು ಅಂದಾಗ ಬಲವಾಗಿ ಎಳೆ. ಆ ಮೆತ್ತಗಿನ ಕಪ್ಪೆ ಅದರ ದವಡೆಯಲ್ಲಿ ಚಪ್ಪಟೆಯಾಗಿ ಗಾಳ ಹೊರಗೆ ಚಾಚುತ್ತದೆ. ಇದಕ್ಕೆ ನೈಲಾನ್ ದಾರ ಸಾಲದು, ಅದು ಹಿಗ್ಗುತ್ತದೆ. ಹೆಣೆದ ದಾರ ಹಾಕಿಸು.

ಹುಳ ಮಳೆಗಾಲದ ಗೆಳೆಯ, ಲೂರ್ ಬೇಸಗೆಯದು ಅಂತ ಒಂದು ಲೆಕ್ಕ ಇಟ್ಟುಕೊ. ಕೆಂಪು ನೀರು ಬಂದಾಗ ಮೀನಿಗೆ ಕಣ್ಣು ಕೆಲಸಕ್ಕೆ ಬಾರದು, ವಾಸನೆ ರುಚಿಗಳೇ ದಾರಿ. ಮೀಸೆ ಮೀನುಗಳಿಗಂತೂ ಮೀಸೆಯ ಮೇಲೂ ಮೈಮೇಲೂ ರುಚಿ ತಿಳಿಯುವ ಮೊಗ್ಗುಗಳಿವೆ, ಕತ್ತಲಲ್ಲೂ ಹುಳವನ್ನು ಹುಡುಕುತ್ತವೆ. ದೀಪಾವಳಿ ಕಳೆದು ಹೊಳೆ ತಿಳಿಯಾದ ಮೇಲೆ ಬೆಳಗ್ಗೆ, ಸಂಜೆ ಲೂರ್ ಎಸೆ. ನಡುಹಗಲಲ್ಲಿ ಯಾವುದನ್ನೂ ಎಸೆಯಬೇಡ, ಊಟ ಮಾಡಿ ಮಲಗು.

ಒಂದು ವಿಷಯದಲ್ಲಿ ಮಾತ್ರ ನನ್ನದು ಖಂಡಿತದ ಮಾತು. ಜೀವಂತ ಎರೆ ಅಂದಾಗ ಎರೆಹುಳದ ತನಕ ಸರಿ. ಜೀವಂತ ಕಪ್ಪೆಯ ಬೆನ್ನಿಗೆ, ಜೀವಂತ ಮೀನಿನ ತುಟಿಗೆ ಗಾಳ ಚುಚ್ಚಿ ನೀರಿಗೆ ಬಿಡುವುದು ಬೇಡ. ಬಾಳೆ ಮೀನಿಗೂ ಕೊರವಕ್ಕೂ ಅದಕ್ಕಿಂತ ಒಳ್ಳೆಯ ಎರೆ ಇಲ್ಲ ಅನ್ನುವವರಿದ್ದಾರೆ, ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಗೂಳಿಗಪ್ಪೆಯಂಥ ಕಪ್ಪೆಗಳು ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಗದ್ದೆಯ ಕೀಟ ತಿಂದು ರೈತನಿಗೆ ಉಪಕಾರ ಮಾಡುವ ಜೀವ ಅದು. ಕಪ್ಪೆ ಮಾಡುವ ಕೆಲಸವನ್ನು ಪ್ಲಾಸ್ಟಿಕ್ ಕಪ್ಪೆ ಮಾಡುತ್ತಿರುವಾಗ ನಿಜವಾದದ್ದನ್ನು ನೋಯಿಸುವುದು ಯಾಕೆ? ಸ್ಕಾಟ್ಲೆಂಡ್, ಐರ್ಲೆಂಡ್, ನಾರ್ವೆಯಂಥ ಕಡೆಗಳಲ್ಲಿ ಜೀವಂತ ಮೀನನ್ನು ಎರೆಯಾಗಿ ಹಾಕುವುದನ್ನು ಕಾನೂನೇ ತಡೆಯುತ್ತದೆ. ಡಬ್ಲಿನ್‌ನಲ್ಲಿರುವ ನಿನ್ನ ಅಣ್ಣನಿಗೂ ಇದನ್ನು ಹೇಳು, ಅಲ್ಲಿಯೂ ಗಾಳ ಹಿಡಿಯುವ ಹುಚ್ಚು ಬಿಟ್ಟಿರಲಾರ.

ಕರುಣೆಯ ಮಾತು ಒಂದು ಕಡೆ ಇರಲಿ, ಇನ್ನೂ ದೊಡ್ಡ ಕಾರಣವಿದೆ. ಒಂದು ಕೆರೆಯಿಂದ ಬಕೆಟ್‌ನಲ್ಲಿ ಎರೆಮೀನು ತಂದು ಇನ್ನೊಂದು ಹೊಳೆಯಲ್ಲಿ ಗಾಳಕ್ಕೆ ಹಾಕುತ್ತಾರೆ, ಸಂಜೆ ಉಳಿದವನ್ನು ಪಾಪ ಅಂತ ಅದೇ ಹೊಳೆಗೆ ಸುರಿದು ಹೋಗುತ್ತಾರೆ. ಪುಣ್ಯ ಮಾಡಿದೆ ಅಂದುಕೊಂಡು ಮಾಡುವ ಈ ಕೆಲಸದಿಂದ ಹೊಳೆಯೇ ಕೆಡುತ್ತದೆ. ಜಿಲೇಬಿ ಮೀನು, ಅಂದರೆ ಆಫ್ರಿಕಾದ ತಿಲಾಪಿಯ, 1952ರಲ್ಲಿ ಭಾರತಕ್ಕೆ ಬಂತು. ಇವತ್ತು ಅದಿಲ್ಲದ ಕೆರೆ ಹುಡುಕಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಬಾರದೆಂದು ಕೇಂದ್ರ ಸರಕಾರ 2000ನೇ ಇಸವಿಯಲ್ಲೇ ಆದೇಶ ಮಾಡಿದ್ದರೂ ಕೆರೆ, ಹೊಳೆಗಳಲ್ಲಿ ಅದು ಆರಾಮಾಗಿದೆ, ನಮ್ಮ ನಾಡ ಮೀನುಗಳ ಮರಿಗಳನ್ನು ತಿನ್ನುತ್ತ. ಮನೆಯ ಅಕ್ವೇರಿಯಂ ಸಾಕಾಗಿ ಕೆರೆಗೆ ಬಿಟ್ಟ ಗಾಜು ನೆಕ್ಕುವ ಮೀನು ಬೆಂಗಳೂರಿನ ಕೆರೆಗಳಲ್ಲಿ ಬಲೆ ಬಲೆಗೂ ಸಿಗುತ್ತದೆ. ಹೊರಗಿನ ನೀರಿನ ಮೀನಾಗಲಿ, ಮೊಟ್ಟೆಯಿರುವ ನೀರಾಗಲಿ, ಒಂದು ಲೋಟದಷ್ಟನ್ನೂ ಇನ್ನೊಂದು ಕಡೆ ಚೆಲ್ಲಬೇಡ. ಈ ದೃಷ್ಟಿಯಿಂದ ಲೂರ್ ನಿರಪಾಯ, ಒಣಗಿಸಿ ಚೀಲಕ್ಕೆ ಹಾಕಿದರೆ ಮುಗಿಯಿತು.

ತಿನ್ನಲೋ, ಬಿಡಲೋ ಎನ್ನುವುದನ್ನೂ ಗಾಳ ಹಾಕುವ ಮುಂಚೆಯೇ ತೀರ್ಮಾನಿಸು. ಹುಳವನ್ನು ಮೀನು ಆಹಾರವೆಂದೇ ನಂಬಿ ನುಂಗುತ್ತದೆ, ನೀನು ತಡ ಮಾಡಿದರೆ ಗಾಳ ಗಂಟಲಿಗೋ ಹೊಟ್ಟೆಗೋ ಇಳಿಯುತ್ತದೆ. ಅದನ್ನು ಕಿತ್ತು ತೆಗೆದು ನೀರಿಗೆ ಬಿಟ್ಟರೆ ನಿನ್ನ ಕಣ್ಣ ಮುಂದೆ ಈಜಿಕೊಂಡು ಹೋಗಬಹುದು, ಆಮೇಲೆ ಸಾಯುವುದೇ ಹೆಚ್ಚು. ಹಾಗೆ ಒಳಗಿಳಿದ ಗಾಳವನ್ನು ಕೀಳಬೇಡ, ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ ಬಿಡು. ಲೂರ್‌ನಲ್ಲಿ ಗಾಳ ಹೆಚ್ಚಾಗಿ ತುಟಿಗೆ, ದವಡೆಗೆ ಸಿಗುವುದರಿಂದ ಬಿಡಿಸಲು ಸುಲಭ. ಬಿಡುವ ಮನಸ್ಸಿದ್ದರೆ ಲೂರ್, ಸಾರಿಗೆ ಬೇಕಿದ್ದರೆ ಹುಳ ಅಂತ ಹೇಳಬಹುದು. ಲೂರ್ ತಂದಾಗ ಮೂರು ಮೊನೆಯ ಗಾಳಗಳನ್ನು ತೆಗೆದು ಒಂಟಿ ಗಾಳ ಹಾಕು, ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡು. ಮೀನಿಗೂ ಒಳ್ಳೆಯದು, ನಿನ್ನ ಬೆರಳಿಗೂ ಒಳ್ಳೆಯದು. ಮೂರು ಮೊನೆಯದು ಬೆರಳಿಗೆ ಇಳಿದರೆ ತೀರ್ಥಹಳ್ಳಿ ಆಸ್ಪತ್ರೆಗೆ ಓಡಬೇಕು.

ಕೆಂಪು ಮರಿಗಳ ಹಿಂಡು ನೀರಿನ ಮೇಲೆ ಗುಂಪಾಗಿ ಕುದಿಯುತ್ತ ಸಾಗುವುದನ್ನು ನೋಡಿದರೆ ಅಲ್ಲಿ ಕಪ್ಪೆ ಎಸೆಯಬೇಡ. ಕೆಳಗೆ ಕೊರವದ ಜೋಡಿ ಕಾವಲಿರುತ್ತದೆ. ಮರಿಗಳ ಮೇಲೆ ಏನು ಬಿದ್ದರೂ ಹಸಿವಿಲ್ಲದಿದ್ದರೂ ಹೊಡೆಯುತ್ತದೆ, ಹಾಗಾಗಿ ಹಿಡಿಯುವುದು ಬಲು ಸುಲಭ. ಆ ಸುಲಭಕ್ಕೆ ಮರುಳಾಗಿ ವಿಡಿಯೊ ಹಾಕಿಕೊಳ್ಳುವ ಶೂರರೂ ಇದ್ದಾರೆ. ತಾಯಿ ತಂದೆ ಹೋದ ಗಳಿಗೆಯಿಂದ ಆ ಮರಿಗಳನ್ನು ಪಕ್ಕೆಯಿಂದ ಹಿಡಿದು ಕೊಕ್ಕರೆಯವರೆಗೆ ಎಲ್ಲರೂ ತಿಂದು ಮುಗಿಸುತ್ತಾರೆ. ಹೊಸ ಮಳೆಗೆ ಹತ್ತುಮೀನು ಏರುವಾಗಲೂ ಅಷ್ಟೇ. ಮೊಟ್ಟೆ ತುಂಬಿಕೊಂಡು ಗದ್ದೆಯ ಕಡೆಗೆ ಹೊರಟ ಮೀನಿಗೆ ಹುಳವೂ ಬೇಡ, ಲೂರೂ ಬೇಡ. ನಮ್ಮ ಹಿರಿಯರು ಕೂಣಿ ಒಡ್ಡಿ ಹಿಡಿಯುತ್ತಿದ್ದರಲ್ಲ ಅಂತ ನೀನು ಕೇಳಬಹುದು. ಆಗ ಹೊಳೆ ತುಂಬ ಮೀನಿತ್ತು, ಗದ್ದೆಗೆ ವಿಷ ಬೀಳುತ್ತಿರಲಿಲ್ಲ.

ದುಡ್ಡಿನ ವಿಷಯ ಹೇಳುವುದಾದರೆ ಹುಳಕ್ಕೆ ಖರ್ಚಿಲ್ಲ. ಲೂರ್ ಒಂದೊಂದಕ್ಕೂ ನೂರಾರು ರೂಪಾಯಿ, ಕಳೆದುಕೊಳ್ಳುವುದು ಮೊದಲ ವಾರದಲ್ಲೇ. ಕಳೆದುಹೋದದ್ದು ನಿನ್ನ ಹಣ ಮಾತ್ರ ಅಲ್ಲ: ಹೊಳೆಯಂಚಿನ ಕೊಂಬೆಗೆ ಸುತ್ತಿಕೊಂಡ ದಾರ, ಗಾಳ ಅಲ್ಲೇ ತೂಗುತ್ತಿದ್ದು ನೀರುಕಾಗೆಯ ಕಾಲಿಗೋ ಕೊಕ್ಕರೆಯ ರೆಕ್ಕೆಗೋ ಸಿಕ್ಕಿಕೊಳ್ಳುತ್ತದೆ. ಮಂಡಗದ್ದೆಯ ಹಕ್ಕಿಗಳು ಮೇಯಲು ಬರುವುದು ಇದೇ ತುಂಗೆಗೆ. ಸಿಕ್ಕಿಕೊಂಡದ್ದನ್ನು ನೀರಿಗಿಳಿದಾದರೂ ಬಿಡಿಸಿಕೊಂಡು ಬಾ. ಕತ್ತರಿಸಿದ ದಾರದ ತುಂಡುಗಳು ಜೇಬಿಗೆ.

ಯಾರ ನೀರು ಅಂತ ಕೇಳದೆ ಇಳಿಯಬೇಡ. ಬಹಳಷ್ಟು ಕೆರೆಗಳನ್ನು ಮೀನುಗಾರರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ, ಮರಿ ಬಿಟ್ಟ ಮೀನು ಅವರ ಹೊಟ್ಟೆಪಾಡು. ಹೊಳೆ, ಜಲಾಶಯಗಳಿಗೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಇದೆ. ಪರವಾನಗಿ, ನಿಷೇಧದ ಅವಧಿ ಎಲ್ಲ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ಹೇಳುತ್ತಾರೆ. ಅಭಯಾರಣ್ಯದೊಳಗೆ ಗಾಳದ ಮಾತೇ ಇಲ್ಲ. ದೇವಸ್ಥಾನದ ಗುಂಡಿಗಳೂ ಹಾಗೆಯೇ: ಶೃಂಗೇರಿ, ಶಿಶಿಲ, ನಮ್ಮ ಚಿಬ್ಬಲಗುಡ್ಡೆ.

ಆದರೆ ಗಾಳವಿಲ್ಲದೆ ಅಲ್ಲಿಗೆ ಹೋಗು ಅಂತ ಒತ್ತಾಯ ಮಾಡುತ್ತೇನೆ. ಶೃಂಗೇರಿಯಲ್ಲಿ ಮಂಡಕ್ಕಿ ಒಂದೊಂದಾಗಿ ಹಾಕಿ ನೋಡು, ಹಿಡಿ ಹಿಡಿ ಎರಚಬೇಡ. ದೊಡ್ಡ ಮೀನು ಯಾವುದು ಮೊದಲು ಬರುತ್ತದೆ, ಯಾವುದು ಹಿಂದೆ ನಿಂತು ನೋಡುತ್ತದೆ, ತೇಲುವ ಮಂಡಕ್ಕಿಯನ್ನು ಹೇಗೆ ಹೀರಿಕೊಳ್ಳುತ್ತದೆ, ಒಲ್ಲದ್ದನ್ನು ಹೇಗೆ ಉಗುಳುತ್ತದೆ ಎಲ್ಲ ಕಣ್ಣಿಗೆ ಕಾಣುತ್ತದೆ. ಬಾಯಿಗೆ ಹಾಕಿಕೊಂಡು ಉಗುಳುವುದರ ನಡುವೆ ಎಷ್ಟು ಕಡಿಮೆ ಹೊತ್ತು ಅಂತ ಒಮ್ಮೆ ನೋಡಿದರೆ ಬೆಂಡು ಮುಳುಗಿದಾಗ ಯಾವಾಗ ಎಳೆಯಬೇಕು ಎನ್ನುವುದು ಕೈಗೇ ತಿಳಿಯುತ್ತದೆ. ತೇಜಸ್ವಿ ಓದಿ ಗಾಳ ಹಿಡಿದವನು ನೀನು. ಅವರೂ ಮೂಡಿಗೆರೆಯ ಕಡೆಯ ಹಳ್ಳಕೊಳ್ಳಗಳಲ್ಲಿ ಹಿಡಿದದ್ದಕ್ಕಿಂತ ನೋಡಿದ್ದೇ ಹೆಚ್ಚು ಅನ್ನಿಸುತ್ತದೆ ನನಗೆ.

ದೀಪಾವಳಿಗೆ ಬರುತ್ತೀಯಲ್ಲ, ಬರುವಾಗ ಡಬ್ಬಿ ತುಂಬ ತರಬೇಡ. ಬೆಳ್ಳಿ ಬಣ್ಣದ ಸಣ್ಣ ಸ್ಪೂನ್ ಒಂದು, ಸ್ಪಿನ್ನರ್ ಒಂದು, ಹಸಿರು ಕಪ್ಪೆ ಎರಡು ಸಾಕು. ಒಂದು ಕಪ್ಪೆ ನನಗೆ. ಜೊತೆಗೆ ಒಂದು ಉದ್ದ ಮೂತಿಯ ಇಕ್ಕಳ, 10ನೇ ನಂಬರಿನ ಗಾಳದ ಪೊಟ್ಟಣ. ಹುಳದ ಚಿಂತೆ ಬಿಡು, ಗೊಬ್ಬರದ ಗುಂಡಿ ಹಾಗೇ ಇದೆ. ಮೀನುಗಾರಿಕೆ ಇಲಾಖೆ ಕಚೇರಿ ಹಬ್ಬಕ್ಕೆ ಮುಚ್ಚಿರುತ್ತದೆ, ಪರವಾನಗಿಯ ವಿಚಾರ ಮೊದಲೇ ಕೇಳಿಕೊಂಡು ಬಾ.